ಡ್ರೈವಿಂಗ್ ಮೇಷ್ಟ್ರು ನಡೆಯಲು ಹೊರಟಿದ್ದು

ಮೇಷ್ಟ್ರು ಕೆಟ್ಟಿದ್ದು ಚಪ್ಪಾಳೆಯಿಂದ. ಕುಡಿತದಿಂದ ಕೆಟ್ಟವರಿದ್ದಾರೆ, ಇಸ್ಪೀಟಿನಿಂದ ಕೆಟ್ಟವರಿದ್ದಾರೆ. ಕೆಡುವ ಮೊದಲು ಅವರಿಗೆಲ್ಲ ಒಂದಿಷ್ಟು ಸುಖವಾದರೂ ಸಿಕ್ಕಿರುತ್ತದೆ. ನಮ್ಮ ಮೇಷ್ಟ್ರಿಗೆ ಸಿಕ್ಕಿದ್ದು ಬಡಾವಣೆಯ ಸಂಘದ ಸಭೆಯಲ್ಲಿ ಒಂದು ಗಳಿಗೆಯ ಚಪ್ಪಾಳೆ, ಅಷ್ಟೇ.

ಮೇಷ್ಟ್ರು ಎಂದರೆ ಮಗ್ಗಿ ಹೇಳಿಕೊಡುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ ಬಿಡಬೇಡಿ, ನಿಧಾನ, ಕ್ಲಚ್ ಬಿಡಬೇಡಿ, ಅಯ್ಯೋ ಬಿಟ್ರಲ್ರೀ!" ಎನ್ನುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ಆ ಬಡಾವಣೆಯಲ್ಲಿ ಕಾರು ಓಡಿಸುವವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರು. ರಸ್ತೆ ಈಗಿನ ಗತಿಗೆ ಬಂದಿದ್ದರಲ್ಲಿ ಅವರ ಕೈವಾಡವೂ ಇತ್ತೆಂದರೆ ಅವರೇ ಒಪ್ಪಿಕೊಳ್ಳುತ್ತಿದ್ದರು. ಸ್ಕೂಲು ಹೆಂಡತಿಯ ತಮ್ಮನದು. ಬಾಮೈದ ವಯಸ್ಸಿನಲ್ಲಿ ಚಿಕ್ಕವನು, ಸಂಬಳ ಕೊಡುವುದರಲ್ಲಿ ದೊಡ್ಡವನು. ಹಾಗಾಗಿ ಮೇಷ್ಟ್ರು ಅವನನ್ನು ಮನೆಯಲ್ಲಿ "ಏನಪ್ಪಾ" ಎಂದೂ ಸ್ಕೂಲಿನಲ್ಲಿ "ಓನರೇ" ಎಂದೂ ಕರೆಯುತ್ತಿದ್ದರು. ಕಾರಿನಲ್ಲಿ ಇಬ್ಬರೇ ಇದ್ದಾಗ ಏನೆಂದು ಕರೆಯುವುದು ಗೊತ್ತಾಗದೆ ಕೆಮ್ಮಿ ಮಾತು ಶುರುಮಾಡುತ್ತಿದ್ದರು.

ಆ ಬಾಮೈದ ಈಗ ರಸ್ತೆಯ ಆ ತುದಿಯಲ್ಲಿ ಹೊಸ ಶಾಖೆ ತೆರೆಯುವವನಿದ್ದ. "ಅಲ್ಲಿಗೆ ನೀವೇ ಇನ್‌ಚಾರ್ಜ್ ಭಾವ," ಎಂದು ಅಕ್ಕನ ಎದುರಿಗೇ ಮಾತು ಕೊಟ್ಟಿದ್ದ. ಇನ್‌ಚಾರ್ಜ್ ಎಂದರೆ ಗಾಜಿನ ಕೋಣೆ, ತಿರುಗುವ ಕುರ್ಚಿ. ದಿನಾ ಬೆಳಗಾದರೆ ಇನ್ನೊಬ್ಬರ ಎಡಗಾಲಿಗೆ ಪ್ರಾಣ ಒಪ್ಪಿಸಿ ಕೂರುವ ಕೆಲಸ ಮುಗಿಯಿತೆಂದೇ ಅರ್ಥ. ಕುರ್ಚಿ ಆಗಲೇ ಬಂದಿತ್ತು. ಮೇಷ್ಟ್ರ ಹೆಂಡತಿ ಹೋಗಿ ಅದನ್ನು ಪ್ಲಾಸ್ಟಿಕ್ ಕವರಿನ ಮೇಲಿಂದಲೇ ಸವರಿ ನೋಡಿ ಬಂದಿದ್ದರು. ಇಷ್ಟು ವರ್ಷ ತಮ್ಮನ ಹೆಂಡತಿಯ ಮುಂದೆ ಕೆಲಸದವನ ಹೆಂಡತಿಯಾಗಿ ಓಡಾಡಿದ ಹೆಂಗಸು ಆಕೆ. ಆ ಕುರ್ಚಿಯ ಮೇಲೆ ಮೇಷ್ಟ್ರಿಗಿಂತ ಹೆಚ್ಚು ಆಸೆ ಇಟ್ಟಿದ್ದರೆ ತಪ್ಪೇನು?

ಹೀಗಿರುವಾಗ ಸಂಘದ ಸಭೆ ಬಂತು. ವಿಷಯ: ರಸ್ತೆಯಲ್ಲಿ ವಾಹನಗಳ ಕಾಟ. ಸಭೆ ತಡವಾಗಿ ಶುರುವಾಯಿತು, ಏಕೆಂದರೆ ಎಲ್ಲರೂ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಪಕ್ಕದ ಕಟ್ಟಡದವರೂ ಕಾರಿನಲ್ಲೇ ಬಂದಿದ್ದರು.

"ಹಾಲಿಗೂ ಕಾರು, ಬ್ರೆಡ್ಡಿಗೂ ಕಾರು. ಇಷ್ಟು ಹತ್ತಿರಕ್ಕೆ ನಡೀಬಹುದಲ್ವಾ?" ಎಂದರು ಅಧ್ಯಕ್ಷರು. "ಯಾರಾದ್ರೂ ಒಬ್ರು ಶುರು ಮಾಡ್ಬೇಕು."

ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು. ಆ ಫ್ಯಾನಿಗೆ ಅಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ. ಮೇಷ್ಟ್ರಿಗೆ ಮಾತ್ರ, ಇನ್ನೇನು ಇನ್‌ಚಾರ್ಜ್ ಆಗುವವನು ತಾನು, ನಾಲ್ಕು ಜನರೆದುರು ಎರಡು ಮಾತು ಆಡಬೇಡವೇ ಅನ್ನಿಸಿತು. ರಸ್ತೆಯ ಶಿಸ್ತಿನ ಬಗ್ಗೆ ಹೇಳಬೇಕೆಂದು ಎದ್ದರು. ಎದ್ದೊಡನೆ ಎಲ್ಲರೂ ತಿರುಗಿ ನೋಡಿದ್ದರಿಂದ ಶಿಸ್ತು ಮರೆತುಹೋಗಿ, "ನಾನೇ ಶುರು ಮಾಡ್ತೀನಿ! ನಾಳೆಯಿಂದ ಸ್ಕೂಲಿಗೆ ನಡೆದೇ ಹೋಗ್ತೀನಿ!" ಎಂಬ ಮಾತು ಹೊರಬಿತ್ತು.

ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಸಿಕ್ಕಿದ, ನಾವು ಉಳಿದೆವು ಎಂಬ ಚಪ್ಪಾಳೆ ಅದು. ಮೇಷ್ಟ್ರಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ತಟ್ಟಿದವರೆಲ್ಲ ಹಗುರಾದ ಮನಸ್ಸಿನಿಂದ ಕಾರು ಹತ್ತಿ ಮನೆಗೆ ಹೋದರು.

ಮಾರನೆಯ ಬೆಳಗ್ಗೆ ಮೇಷ್ಟ್ರು ಕಾರಿಗೆ ಹೊದಿಕೆ ಹೊದಿಸಿ ನಡೆದರು. ವಿಚಿತ್ರವೆಂದರೆ, ಹಿಡಿಸಿತು. ದಿನಾ ಹಾರ್ನಿನ ನಡುವೆ ಹಲ್ಲು ಕಡಿಯುತ್ತ ಸ್ಕೂಲು ಸೇರುತ್ತಿದ್ದವರು ಅಂದು ಎಲ್ಲರಿಗಿಂತ ಮೊದಲು ತಲುಪಿ, ಬೀಗ ತೆಗೆಯುವವನಿಗಾಗಿ ಕಾದು ನಿಂತರು. ತಾವು ವರ್ಷಗಟ್ಟಲೆ ಹಾಫ್ ಕ್ಲಚ್ ಹೇಳಿಕೊಟ್ಟ ಏರಿನ ಪಕ್ಕದಲ್ಲೊಂದು ಬಡಗಿಯ ಅಂಗಡಿ ಇದೆಯೆಂಬುದು ಅವರಿಗೆ ಗೊತ್ತಾಗಿದ್ದು ಅವತ್ತೇ.

ಎರಡನೆಯ ದಿನ ಎದುರುಮನೆಯ ಮ್ಯಾನೇಜರು ಕಾರು ನಿಲ್ಲಿಸಿ ಕಿಟಕಿ ಇಳಿಸಿದರು. ನಿವೃತ್ತರಾದ ಮೇಲೂ ಟೈ ಕಟ್ಟುವುದನ್ನು ಬಿಡದ ಮನುಷ್ಯ.

"ಏನ್ ಮೇಷ್ಟ್ರೇ, ಗಾಡಿ ಕೆಟ್ಟಿದ್ಯಾ? ಹತ್ತಿ."

"ಇಲ್ಲ ಸಾರ್, ಸುಮ್ನೆ ನಡೀತಿದ್ದೀನಿ."

"ಸುಮ್ನೆ ಯಾರಾದ್ರೂ ನಡೀತಾರೇನ್ರೀ? ಸಂಕೋಚ ಬೇಡ, ಹತ್ತಿ."

"ಸಭೇಲಿ ಹೇಳಿದ್ನಲ್ಲ ಸಾರ್..."

"ಸಭೇಲಿ ನೂರು ಹೇಳ್ತಾರೆ! ನಿಜ ಹೇಳಿ, ನನ್ನ ಹತ್ರ ಏನು ಮುಚ್ಚುಮರೆ?"

ಅಷ್ಟರಲ್ಲಿ ಹಿಂದೆ ಕಾರುಗಳ ಸಾಲು ನಿಂತು ಹಾರ್ನಿನ ಮೇಳ ಶುರುವಾಗಿತ್ತು. ಮ್ಯಾನೇಜರು ನಿಜ ಕೇಳದೆ ಅಲುಗಾಡುವಂತೆ ಕಾಣಲಿಲ್ಲ. ರಸ್ತೆಗೆ ಉಪಕಾರ ಮಾಡಲೆಂದು ಮೇಷ್ಟ್ರು, "ಡಾಕ್ಟರು ಹೇಳಿದ್ದಾರೆ ಸಾರ್!" ಎಂದುಬಿಟ್ಟರು.

"ಹಾಗೆ ಹೇಳಿ ಮತ್ತೆ!" ಎಂದು ಮ್ಯಾನೇಜರು ತೃಪ್ತಿಯಿಂದ ಗೇರು ಹಾಕಿದರು.

ಬೇಕರಿಯವನೂ ಕೇಳಿದ. ಅವನಿಗೂ ಮೊದಲು ನಿಜವನ್ನೇ ಹೇಳಿದರು, ಅವನು ನಕ್ಕ. ಆಗ "ಗಾಡಿ ಗ್ಯಾರೇಜಲ್ಲಿದೆ ಮಾರಾಯ" ಎಂದರು, ನಂಬಿದ. ಟೈಲರು ಕೇಳಿದಾಗ ನಿಜ ಹೇಳುವ ಚೈತನ್ಯವೂ ಉಳಿದಿರಲಿಲ್ಲ. "ಲೈಸೆನ್ಸಿಂದು ಏನೋ ರಿನ್ಯೂವಲ್ ಇತ್ತು" ಎಂದು ಸಾಗಹಾಕಿದರು. ಕೇಳಿದವರಿಗೆ ನಿಜ ಹಿಡಿಸದಿದ್ದರೆ ಅವರವರ ಅಳತೆಗೆ ಒಂದೊಂದು ಸುಳ್ಳು ಹೊಲಿದು ಕೊಟ್ಟರಾಯಿತು ಎಂದು ಮೇಷ್ಟ್ರು ತಿಳಿದರು. ಪಾಪದ ಮನುಷ್ಯ. ಮೂರೂ ಬೇರೆ ಬೇರೆ ಜೇಬಿನಲ್ಲಿದ್ದಷ್ಟು ಹೊತ್ತು ಭಯವಿರಲಿಲ್ಲ. ಆದರೆ ಮ್ಯಾನೇಜರು, ಬೇಕರಿಯವನು ಮತ್ತು ಟೈಲರು ಮೂವರಿಗೂ ತಲೆಗೂದಲು ಬೆಳೆಯುತ್ತಿತ್ತು, ಮತ್ತು ಆ ಬಡಾವಣೆಯಲ್ಲಿದ್ದದ್ದು ಒಂದೇ ಕ್ಷೌರದಂಗಡಿ.

ಭಾನುವಾರ ಅಲ್ಲಿ ಮೂರು ಸುಳ್ಳೂ ಒಂದೇ ಬೆಂಚಿನ ಮೇಲೆ ಕೂತವು.

"ಡಾಕ್ಟರು ಗಾಡಿ ಮುಟ್ಟಬೇಡ ಅಂದಿದ್ದಾರಂತೆ," ಎಂದರು ಮ್ಯಾನೇಜರು.

"ಗಾಡಿ ಗ್ಯಾರೇಜಲ್ಲಿದ್ಯಂತಲ್ಲ?" ಎಂದ ಬೇಕರಿಯವನು.

"ಲೈಸೆನ್ಸೂ ಇಲ್ವಂತೆ," ಎಂದ ಟೈಲರು.

ಕತ್ತರಿ ನಿಂತಿತು. ಮೂವರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಕೂಡಿಸಿ ನೋಡಲು ಪಂಡಿತರೇನೂ ಬೇಕಿರಲಿಲ್ಲ.

"ಕಣ್ಣು ಹೋಗಿದೆ," ಎಂದ ಕ್ಷೌರಿಕ. "ಯಾರಿಗೋ ಗುದ್ದಿದ್ದಾರೆ. ಲೈಸೆನ್ಸ್ ಕಿತ್ಕೊಂಡಿದ್ದಾರೆ."

"ಯಾರಿಗೆ ಗುದ್ದಿರಬಹುದು?"

"ಮುದುಕೀನೇ ಇರ್ಬೇಕು. ಬೇರೆಯವರಾದ್ರೆ ಓಡ್ತಿದ್ರು."

"ಬದುಕಿದ್ದಾಳಾ?"

"ಸದ್ಯಕ್ಕೆ," ಎಂದ ಕ್ಷೌರಿಕ ಗಂಭೀರವಾಗಿ. ಇಲ್ಲದ ಮುದುಕಿಯನ್ನು ಕೊಲ್ಲುವಷ್ಟು ಕಟುಕನಲ್ಲ ಅವನು.

ಸಂಜೆ ಮ್ಯಾನೇಜರ ಹೆಂಡತಿ ಒಂದು ಚೀಲ ಹಣ್ಣು ಹಿಡಿದು ಮೇಷ್ಟ್ರ ಮನೆಗೆ ಬಂದು, ಕೂತು, ನಿಟ್ಟುಸಿರು ಬಿಟ್ಟು, "ಅಜ್ಜಿ ಹೇಗಿದ್ದಾರೆ?" ಎಂದು ಕೇಳಿದರು.

"ಯಾವ ಅಜ್ಜಿ?"

"ನಮ್ಮ ಹತ್ರ ಮುಚ್ಚಿಡಬೇಡಮ್ಮ. ನಾವೆಲ್ಲ ಒಂದೇ ಮನೆಯವರ ಹಾಗೆ. ಅವರಿಗೂ ವಯಸ್ಸಾಗಿತ್ತಂತೆ, ನಿಮ್ಮವರದ್ದು ಪೂರ್ತಿ ತಪ್ಪು ಅಂತ ನಾನಂತೂ ಯಾರ ಹತ್ರಾನೂ ಹೇಳಿಲ್ಲ."

ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ನೀವು ಯಾವ ಮುದುಕಿಗೆ ಗುದ್ದಿದ್ದು?"

"ನಾನಾ? ನಡ್ಕೊಂಡು ಹೋಗಿ ಯಾರಾದ್ರೂ ಗುದ್ತಾರೇನೇ?"

"ಮತ್ತೆ ಹಣ್ಣು ಯಾಕೆ ಬಂತು?"

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಡೆದದ್ದನ್ನೆಲ್ಲ ಹೇಳಿದರು. ಹೆಂಡತಿ ತಲೆಯ ಮೇಲೆ ಕೈ ಹೊತ್ತರು. "ಒಂದು ಸಲ ಕಾರು ತಗೊಂಡು ಬೀದಿ ಸುತ್ತಿ ಬನ್ನಿ. ನಿಮಗೆ ಕೈ ಮುಗೀತೀನಿ."

"ನಾನು ಏನೂ ತಪ್ಪು ಮಾಡಿಲ್ಲ, ಯಾಕೆ ಸುತ್ತಲಿ? ನಾಳೆ ಹೋಗಿ ನಾನೇ ಎಲ್ಲರಿಗೂ ನಿಜ ಹೇಳ್ತೀನಿ."

ಹೋದರು. ಕ್ಷೌರದಂಗಡಿಯ ಮೆಟ್ಟಿಲ ಮೇಲೆ ನಿಂತು, "ನೋಡಿ, ನನ್ನ ಕಣ್ಣು ಚೆನ್ನಾಗಿದೆ, ಗಾಡಿ ಮನೇಲಿದೆ, ಲೈಸೆನ್ಸ್ ಜೇಬಲ್ಲಿದೆ. ನಾನು ಬೇಕಂತಲೇ ನಡೀತಿದ್ದೀನಿ!" ಎಂದು ಸಾರಿದರು. ಕ್ಷೌರಿಕ ಬಂದು ಅವರ ಕೈ ಹಿಡಿದು, "ಮೆಟ್ಟಿಲಿದೆ ಮೇಷ್ಟ್ರೇ, ನೋಡ್ಕೊಂಡು ಇಳೀರಿ" ಎಂದು ಬೀದಿ ದಾಟಿಸಿ ಬಿಟ್ಟ.

ವಾರದೊಳಗೆ ಸ್ಕೂಲಿಗೆ ಬಿಸಿ ತಟ್ಟಿತು. ಒಬ್ಬ ತಾಯಿ ಬಂದು, "ನಮ್ಮ ಹುಡುಗಿಗೆ ಬೇರೆ ಮೇಷ್ಟ್ರನ್ನ ಕೊಡಿ, ಇಲ್ಲಾಂದ್ರೆ ಬೇಡವೇ ಬೇಡ" ಎಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಬಾಮೈದ ಭಾವನನ್ನು ಒಳಗೆ ಕರೆದು ಬಾಗಿಲು ಹಾಕಿದ.

"ಏನು ಭಾವ ಇದು? ಬಟ್ಟೆ ಅಂಗಡಿಯವನೇ ಬರೀ ಮೈಯಲ್ಲಿ ತಿರುಗಿದ್ರೆ ಬಟ್ಟೆ ಯಾರು ತಗೋತಾರೆ?"

"ನಾನು ನಡೀತಿದ್ದೀನಷ್ಟೇ, ಓನರೇ."

"ಅದೇ ಬರೀ ಮೈ ಅಂದಿದ್ದು! ಕಾರು ಕಲಿತ್ರೆ ಜೀವನ ಸುಖ ಅಂತ ನಾವು ಬೋರ್ಡ್ ಹಾಕಿದ್ದೀವಿ. ಕಲಿಸೋರೇ ಕಾರು ಬಿಟ್ಟು ನಡೆದ್ರೆ? ಡಾಕ್ಟರ ಹತ್ರ ಹೋಗಿ, ಎಲ್ಲ ಸರಿ ಇದೆ ಅಂತ ಬರೆಸ್ಕೊಂಡು ಬನ್ನಿ. ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತೀನಿ."

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟರು, ಎದೆಗೆ ಕೊಳವೆ ಇಟ್ಟರು, ಮಂಡಿಗೆ ಸುತ್ತಿಗೆ ಬಡಿದರು. ಕೊನೆಗೆ ಕುರ್ಚಿಗೆ ಒರಗಿ, "ನಿಮಗೆ ಏನೂ ಆಗಿಲ್ಲ," ಎಂದರು, ಬೇಸರದಿಂದ.

"ಅದನ್ನೇ ಬರೆದುಕೊಡಿ ಡಾಕ್ಟ್ರೇ."

"ಮತ್ತೆ ನಡೀತಿರೋದು ಯಾಕೆ?"

"ಸುಮ್ನೆ. ಹತ್ತಿರ ತಾನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ, ನಾನು ದಿನಾ ಎಲ್ಲರಿಗೂ ನಡೀರಿ ನಡೀರಿ ಅಂತ ಹೇಳ್ತೀನಿ. ಇವತ್ತಿನವರೆಗೂ ಒಬ್ಬ ನಡೆದಿಲ್ಲ. ನೀವು ಹೇಳಿಸಿಕೊಳ್ಳದೇನೇ ನಡೀತಿದ್ದೀರಿ. ಇದನ್ನ ಸುಮ್ನೆ ಬಿಡೋ ಹಾಗಿಲ್ಲ." ಚೀಟಿಯಲ್ಲಿ ಮನಸ್ಸಿನ ಡಾಕ್ಟರೊಬ್ಬರ ವಿಳಾಸ ಬರೆದುಕೊಟ್ಟರು. ಹೊರಗೆ ಸರದಿಯಲ್ಲಿ ಟೈಲರು ಕೂತಿದ್ದ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬಾಮೈದನಿಗೆ ಉಳಿದಿದ್ದು ಒಂದೇ ದಾರಿ. ರಾತ್ರಿ ಊಟಕ್ಕೆ ಬಂದವನು ಅಕ್ಕನ ಮುಂದೆಯೇ ಹೇಳಿದ:

"ಉದ್ಘಾಟನೆಗೆ ಲೈಸೆನ್ಸ್ ಆಫೀಸಿನ ದೊಡ್ಡ ಸಾಹೇಬ್ರು ಬರ್ತಿದ್ದಾರೆ. ಇಡೀ ಬಡಾವಣೆಯನ್ನ ಕರೆದಿದ್ದೀನಿ. ನೀವು ಅವತ್ತು ಅಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಾರು ಓಡಿಸ್ಕೊಂಡು ಬರ್ಬೇಕು. ಬಾಗಿಲ ಮುಂದೆ ನಿಲ್ಲಿಸಿ ಇಳೀಬೇಕು. ಎಲ್ಲರೂ ನೋಡ್ಬೇಕು. ಸಾಹೇಬ್ರು ಬೀಗದ ಕೈ ಕೊಟ್ಟು ನಿಮ್ಮನ್ನ ಕುರ್ಚೀಲಿ ಕೂರಿಸ್ತಾರೆ. ಅಲ್ಲಿಗೆ ಮುದುಕಿ ಕಥೆ ಮುಗೀತು. ಆದ್ರೆ ಭಾವ, ನಡ್ಕೊಂಡು ಮಾತ್ರ ಬರಬೇಡಿ. ಬಂದ್ರೆ ನನ್ನ ಕೈಲಿ ಏನೂ ಆಗಲ್ಲ."

"ಬರಲ್ಲ," ಎಂದರು ಹೆಂಡತಿ. "ನನ್ನ ಮೇಲಾಣೆ, ಕಾರಿಂದ ಇವರು ಕಾಲು ಕೆಳಗಿಡೋಕೆ ನಾನು ಬಿಡಲ್ಲ."

ಆ ದಿನ ಮೇಷ್ಟ್ರು ಹೊದಿಕೆ ತೆಗೆದು, ಕಾರು ತೊಳೆದು, ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಬೇಗನೆ ಹೊರಟರು. ಬಡಾವಣೆಗೆ ಬಡಾವಣೆಯೇ ಹೊರಟಿತ್ತು. ಹೊಸ ಶಾಖೆ ಅದೇ ರಸ್ತೆಯ ತುದಿಯಲ್ಲಿದ್ದರೂ ಒಬ್ಬರೂ ನಡೆದು ಹೊರಟಿರಲಿಲ್ಲ. ಮೇಷ್ಟ್ರ ಉದಾಹರಣೆ ಕಣ್ಣ ಮುಂದೆಯೇ ಇರುವಾಗ ನಡೆಯುವ ಧೈರ್ಯ ಯಾರಿಗಿದ್ದೀತು? ಅರ್ಧ ದಾರಿ ಸಾಗುವಷ್ಟರಲ್ಲಿ ಮುಂದೆ ಕಾರು, ಹಿಂದೆ ಕಾರು, ಪಕ್ಕದಲ್ಲಿ ಕಾರು. ಎಲ್ಲ ಕಾರಿನಲ್ಲೂ ಶಿಷ್ಯರು. ಎಲ್ಲರೂ ಹಾರ್ನು ಒತ್ತುತ್ತಿದ್ದರು. ಆ ಒಂದು ಪಾಠವನ್ನು ಮಾತ್ರ ಯಾರೂ ಮರೆತಿರಲಿಲ್ಲ.

ಮುಂದೆ ಏನಾಗಿದೆ ಎಂದು ಮೇಷ್ಟ್ರು ಕತ್ತು ಚಾಚಿ ನೋಡಿದರು. ಮ್ಯಾನೇಜರ ಕಾರು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಸಂದಿಯಲ್ಲಿ ಮೂತಿ ತೂರಿಸಿದ್ದಾಗಿತ್ತು, ಹಿಂದೆ ಬರಲು ಗೊತ್ತಿರಲಿಲ್ಲ. ಕಲಿಯುವಾಗಲೂ ಅಷ್ಟೇ, "ರಿವರ್ಸ್ ಎಲ್ಲ ಬೇಡ ಮೇಷ್ಟ್ರೇ, ಮುಂದೆ ಹೋಗೋದು ಹೇಳಿಕೊಡಿ ಸಾಕು" ಎನ್ನುತ್ತಿದ್ದ ಗಿರಾಕಿ. ಈಗ ಇಳಿದು, ಕಾರಿಗೆ ಬೀಗ ಹಾಕಿ, ಟೈ ಸರಿಮಾಡಿಕೊಳ್ಳುತ್ತಿದ್ದರು. ಮೇಷ್ಟ್ರನ್ನು ಕಂಡು ಕಿಟಕಿಯ ಬಳಿ ಬಂದರು.

"ಓಹೋ, ಕಾರಲ್ಲಿ ಬಂದಿದ್ದೀರಿ! ಸಂತೋಷ. ಇಳೀಬೇಡಿ, ಇಳೀಬೇಡಿ, ನಿಮಗೆ ನಡೆಯೋದು ಒಳ್ಳೇದಲ್ಲ. ನಾನು ಮುಂದೆ ಹೋಗಿ ನೀವು ಬರ್ತಿದ್ದೀರಿ ಅಂತ ಹೇಳ್ತೀನಿ." ಕೈ ಬೀಸಿ ಕಾರುಗಳ ನಡುವೆ ನುಸುಳಿಕೊಂಡು ನಡೆದೇ ಹೋದರು.

ಶಾಖೆಯ ಬೋರ್ಡು ಕಾಣುತ್ತಿತ್ತು. ಬಾಗಿಲಿಗೆ ಕಟ್ಟಿದ ಟೇಪೂ ಕಾಣುತ್ತಿತ್ತು. ಮಗು ಕೂಡ ನಡೆದು ಸೇರುವಷ್ಟು ದೂರ. ಫೋನು ಬಂತು.

"ಭಾವ, ಎಲ್ಲಿದ್ದೀರಿ? ಸಾಹೇಬ್ರು ಬಂದಾಯ್ತು. ಅವರಿಗೆ ಇನ್ನೊಂದು ಕಾರ್ಯಕ್ರಮ ಇದ್ಯಂತೆ, ಗಡಿಬಿಡಿ ಮಾಡ್ತಿದ್ದಾರೆ."

"ಇಲ್ಲೇ ಇದ್ದೀನಿ ಓನರೇ. ನೀವು ನನಗೆ ಕಾಣ್ತಿದ್ದೀರಿ. ಇಳಿದು ಬಂದುಬಿಡ್ಲಾ?"

"ಬೇಡ ಬೇಡ! ಎಲ್ಲರೂ ಬಾಗಿಲಲ್ಲೇ ನಿಂತಿದ್ದಾರೆ. ಕಾರಲ್ಲೇ ಬನ್ನಿ. ಫೋಟೋದವನು ಕಾಯ್ತಿದ್ದಾನೆ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. "ಎರಡು ಹೆಜ್ಜೆ ಕಣೇ. ಓಡಿಹೋಗಿ ಕೂತು ಬರ್ತೀನಿ."

"ಕೂತ್ಕೊಳಿ ಸುಮ್ನೆ!" ಹೆಂಡತಿ ಅವರ ತೋಳು ಹಿಡಿದರು. "ಈಗ ಇಳಿದ್ರೆ ಇಷ್ಟು ದಿನ ಪಟ್ಟಿದ್ದೆಲ್ಲ ನೀರುಪಾಲು. ದಾರಿ ಬಿಡುತ್ತೆ. ಈಗ ಬಿಡುತ್ತೆ."

ದಾರಿ ಬಿಡಲಿಲ್ಲ. ಬಿಡಬೇಕಾದ ಕಾರಿನ ಕೀ ಮ್ಯಾನೇಜರ ಜೇಬಿನಲ್ಲಿ ನಡೆದು ಹೋಗಿತ್ತು. ಗಾಜಿನಾಚೆ ಟೇಪು ಕತ್ತರಿಸಿದ್ದು ಕಂಡಿತು. ಚಪ್ಪಾಳೆ ಕೇಳಿಸಿತು. ಸಾಹೇಬರು ಗಡಿಯಾರ ನೋಡಿಕೊಂಡು ಏನೋ ಕೇಳಿದರು. ಬಾಮೈದ ರಸ್ತೆಯ ಕಡೆ ಕೈ ತೋರಿಸಿದ. ಸಾಹೇಬರಿಗೆ ರಸ್ತೆ ನೋಡುವ ವ್ಯವಧಾನವಿರಲಿಲ್ಲ. ಎದುರಿಗೊಬ್ಬ ಟೈ ಕಟ್ಟಿದ ಮನುಷ್ಯ, ಇನ್‌ಚಾರ್ಜ್ ಹೇಗಿರಬೇಕೋ ಹಾಗೇ ನಿಂತಿದ್ದ. ಅವನ ಕೈಗೆ ಬೀಗದ ಕೈ ಕೊಟ್ಟು, ಭುಜ ಹಿಡಿದು, ಗಾಜಿನ ಕೋಣೆಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರಿಸಿದರು. ಫೋಟೋದ ಬೆಳಕು ಮಿಂಚಿತು. ಮ್ಯಾನೇಜರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿದರು. ಕುರ್ಚಿ ಚೆನ್ನಾಗಿ ತಿರುಗುತ್ತಿತ್ತು.

ಮೇಷ್ಟ್ರು ಕಾರಿನ ಇಂಜಿನ್ ಆರಿಸಿದರು.

ಸಾಹೇಬರು ಆ ಕಡೆಯ ರಸ್ತೆಯಿಂದ ಹೋದ ಮೇಲೆ ಬಾಮೈದ ಕಾರುಗಳ ನಡುವೆ ನಡೆದುಕೊಂಡು ಬಂದು ಕಿಟಕಿಗೆ ಬಗ್ಗಿದ. ಅಕ್ಕನ ಮುಖ ನೋಡಲಿಲ್ಲ.

"ಸಾಹೇಬ್ರೇ ಕೂರಿಸಿಬಿಟ್ರು ಭಾವ. ಒಳ್ಳೆ ಅನುಭವಸ್ಥರನ್ನ ಹಿಡಿದಿದ್ದೀಯ ಅಂತ ಬೆನ್ನು ಬೇರೆ ತಟ್ಟಿದ್ರು. ನಮ್ಮ ಲೈಸೆನ್ಸ್ ಎಲ್ಲ ಅವರ ಸಹಿಯಲ್ಲೇ ಆಗ್ಬೇಕು. ಅವರು ಕೂರಿಸಿದವರನ್ನ ನಾನು ಎಬ್ಬಿಸೋಕಾಗುತ್ತಾ? ಮ್ಯಾನೇಜರೂ, ಹೇಗೂ ಮನೇಲಿ ಹೊತ್ತು ಹೋಗಲ್ಲ, ಇರ್ತೀನಿ ಅಂದ್ರು. ಸದ್ಯಕ್ಕೆ ಹೀಗೇ ಇರ್ಲಿ."

"ಸದ್ಯಕ್ಕೆ ಅಂದ್ರೆ?" ಎಂದರು ಮೇಷ್ಟ್ರು.

"ಸದ್ಯಕ್ಕೆ," ಎಂದ ಬಾಮೈದ. ಆಮೇಲೆ ಜೇಬಿನಿಂದ ಒಂದು ಕೀ ತೆಗೆದು ಕಿಟಕಿಯೊಳಗೆ ಚಾಚಿದ. "ಇದು ಮ್ಯಾನೇಜರ ಕಾರಿಂದು. ರಸ್ತೆ ಕಟ್ಟಿಹೋಗಿದೆ, ರಿವರ್ಸ್ ತೆಗೆಯೋಕೆ ಮೇಷ್ಟ್ರನ್ನ ಕಳಿಸಿ ಅಂತ ಹೇಳಿದ್ರು."

ಹೊಸ ಇನ್‌ಚಾರ್ಜರ ಮೊದಲ ಅಪ್ಪಣೆ ಅದು. ಮೇಷ್ಟ್ರು ಕೀಯನ್ನೂ ಹೆಂಡತಿಯನ್ನೂ ನೋಡಿದರು. ಹೆಂಡತಿ ಹಿಡಿದಿದ್ದ ತೋಳನ್ನು ಬಿಟ್ಟರು.

"ಇಳೀರಿ," ಎಂದರು. "ಇನ್ನು ಯಾರು ನೋಡಿದ್ರೆ ಏನು."

ಮೇಷ್ಟ್ರು ಇಳಿದು ನಡೆದರು. ಮ್ಯಾನೇಜರ ಕಾರು ಹತ್ತಿ, ಕನ್ನಡಿ ಸರಿಮಾಡಿಕೊಂಡು, ಹಿಂದೆ ನೋಡಿದರು. ಎರಡೂ ಕಡೆ ಕಾರು, ನಡುವೆ ಕೈ ತೂರಿಸುವಷ್ಟು ಜಾಗ. ಜನ ಮಕ್ಕಳನ್ನು ಎಳೆದುಕೊಂಡು ಗೋಡೆಗೆ ಒತ್ತಿ ನಿಂತರು. ಮೇಷ್ಟ್ರು ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟು, ಒಂದು ಕಾರಿಗೂ ತಾಗದಂತೆ, ಒಂದೇ ಸಮನೆ, ಆ ಇಡೀ ಸಾಲಿನ ನಡುವಿನಿಂದ ಕಾರನ್ನು ಹಿಂದಕ್ಕೆ ತೆಗೆದರು. ಅಷ್ಟು ಅಚ್ಚುಕಟ್ಟಾದ ರಿವರ್ಸನ್ನು ಆ ರಸ್ತೆ ಹಿಂದೆಂದೂ ಕಂಡಿರಲಿಲ್ಲ, ಮುಂದೆ ಕಾಣುವುದೂ ಇಲ್ಲ.

ಗೋಡೆಗೆ ಒತ್ತಿ ನಿಂತಿದ್ದ ಕ್ಷೌರಿಕ ಪಕ್ಕದ ಟೈಲರಿಗೆ ಮೆಲ್ಲಗೆ ಹೇಳಿದ:

"ನೋಡಿದ್ಯಾ, ಎಷ್ಟು ನಿಧಾನ. ಪಾಪ, ಕಣ್ಣು ಪೂರ್ತಿ ಹೋಗಿದೆ."